ಸೂಲಗಿತ್ತಿಯ ಸಾಕ್ಷಿ

ಯುಸ್ಟಿನಾ ವಾರ್ಕೆಂಟಿನ್ ಸುಳ್ಳು ಹೇಳುವವಳಲ್ಲ ಎಂಬುದು ಆ ಕಜಾಕ್ ಬಯಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಅದು ಅವಳೊಬ್ಬಳ ಹೆಚ್ಚುಗಾರಿಕೆಯೇನಲ್ಲ, ನಮ್ಮ ಜನದ ರೂಢಿ. ನಾವು ಮೆನೊನೈಟರು, ಬೈಬಲಿನ ಮಾತನ್ನು ಅಕ್ಷರಶಃ ಪಾಲಿಸುವ ಕ್ರೈಸ್ತ ಪಂಗಡ, ಆಣೆ ಇಡುವುದಿಲ್ಲ. ದೇವರ ಮೇಲೂ ಇಡುವುದಿಲ್ಲ, ಮಕ್ಕಳ ಮೇಲೂ ಇಡುವುದಿಲ್ಲ, ಕೋರ್ಟಿನಲ್ಲಿ ನಿಲ್ಲಿಸಿದರೂ ಇಡುವುದಿಲ್ಲ. ಇದ್ದರೆ ಹೌದು, ಇಲ್ಲದಿದ್ದರೆ ಇಲ್ಲ, ಅಷ್ಟಕ್ಕೇ ಬಾಯಿ ಮುಚ್ಚಬೇಕು ಎಂದು ತಾತ ಮುತ್ತಾತರ ಕಾಲದಿಂದ ಕಲಿಸಿಕೊಂಡು ಬಂದದ್ದು. ಹಾಗೆಂದು ನಮ್ಮಲ್ಲಿ ಎಲ್ಲರೂ ದೇವದೂತರೇನಲ್ಲ. ಹಾಲು ಅಳೆಯುವಾಗ, ಹೆಣ್ಣು ತೋರಿಸುವಾಗ ನಾಲಿಗೆ ಹೊರಳಿಸುವವರು ಬೇಕಾದಷ್ಟು ಜನ ಇದ್ದರು. ಯುಸ್ಟಿನಾ ಮಾತ್ರ ಆ ವಿಷಯದಲ್ಲಿ ಹಟಮಾರಿ. ಹೆರಿಗೆ ನೋವು ತಿನ್ನುವವಳು ಇನ್ನೆಷ್ಟು ಹೊತ್ತು ಎಂದು ಕೇಳಿದರೆ ಬೇರೆ ಸೂಲಗಿತ್ತಿಯರು ಆಯ್ತು, ಇನ್ನೇನು ಬಂತು ಎಂದು ಸಮಾಧಾನ ಮಾಡುತ್ತಾರೆ. ಇವಳು ಇನ್ನೂ ಬಹಳ ಹೊತ್ತಿದೆ, ಕೂಗಿ ಸುಸ್ತಾಗಬೇಡ ಎನ್ನುವಳು. ಕೇಳಿದವರಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ನೋವು ಶುರುವಾದ ಕೂಡಲೇ ಅವಳನ್ನೇ ಕರೆಸುತ್ತಿದ್ದರು.

ಯುದ್ಧ ಶುರುವಾದ ವರ್ಷ, ಮನೆಯಲ್ಲಿ ಜರ್ಮನ್ ಮಾತಾಡುತ್ತೇವೆ ಎಂಬ ತಪ್ಪಿಗೆ, ಉಕ್ರೇನಿನ ನಮ್ಮ ಹಳ್ಳಿಗಳನ್ನು ಖಾಲಿ ಮಾಡಿಸಿ, ದನ ಸಾಗಿಸುವ ರೈಲಿನಲ್ಲಿ ತುಂಬಿ ಈ ಬಯಲಿಗೆ ತಂದು ಸುರಿದರು. ಮಕ್ಕಳೂ ಮೊಮ್ಮಕ್ಕಳೂ ಇಲ್ಲದ ಯುಸ್ಟಿನಾಳ ಪಾಲಿಗೆ ಜೊತೆಗೆ ಬಂದದ್ದು ಒಂದು ಕತ್ತರಿ, ಒಂದು ಹಿತ್ತಾಳೆಯ ಬೋಗುಣಿ, ಗಂಡನ ಹಳೆಯ ಕೋಟು. ಗಂಡ ಊರಿನ ಸ್ಮಶಾನದಲ್ಲಿ ಉಳಿದಿದ್ದ. ಸಾಮೂಹಿಕ ಬೇಸಾಯದ ಹಳ್ಳಿಯ ಅಂಚಿನಲ್ಲಿ ನೆಲ ಅಗೆದು, ಮೇಲೆ ಕಡ್ಡಿ ಹುಲ್ಲು ಹೊದಿಸಿ, ನಮ್ಮವರೆಲ್ಲ ಗುಂಡಿಮನೆ ಮಾಡಿಕೊಂಡರು. ಅಲ್ಲಿಯ ಕಜಾಕರೇನೂ ಉಂಡು ತೇಗುವವರಾಗಿರಲಿಲ್ಲ. ಆದರೂ ಪಕ್ಕದ ಮನೆಯ ಕುಲ್ಯಾಶ್, ಬಾಯಿ ಜೋರಿನ ವಿಧವೆ, ಮೊದಲ ದಿನವೇ ಬಂದು ಒಂದು ಹೊರೆ ಬೆರಣಿ ಎಸೆದು, ಚಳಿ ಅಂದರೆ ಏನೆಂದು ನಿಮಗೆ ಗೊತ್ತಿಲ್ಲ ಎಂದು ಬೈದು ಹೋದಳು. ಅವಳ ಸೊಸೆಯ ಬಾಣಂತನವನ್ನು ಯುಸ್ಟಿನಾ ಮಾಡಿದಳು. ಆಮೇಲೆ ಹಳ್ಳಿಯ ಎಲ್ಲ ಬಾಣಂತನವೂ ಅವಳದೇ ಆಯಿತು. ಟೈಫಸ್ ಜ್ವರ ಹಬ್ಬಿದಾಗ ಬೇರೆಯವರು ಮುಟ್ಟಲು ಹೆದರಿದ ಹೆಣಗಳನ್ನು ತೊಳೆಯುವುದೂ ಅವಳದೇ ಆಯಿತು.

ಬಂದ ಮರುವರ್ಷದ ಕೊಯ್ಲಿನಲ್ಲಿ ಕಣದಿಂದ ಬಾರ್ಲಿ ಕಳುವಾಗುತ್ತಿದೆ ಎಂದು ಜಿಲ್ಲೆಯಿಂದ ಅಧಿಕಾರಿಯೊಬ್ಬ ಬಂದ. ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಯಾರು ತೆಗೆದದ್ದು ಎಂದು ಕೇಳಿದ. ಎಲ್ಲರೂ ನಾನಲ್ಲ ಎಂದರು. ಅರ್ಧ ಜನರ ಒಳಲಂಗದಲ್ಲಿ ಬಾರ್ಲಿ ಇತ್ತು, ಇಲ್ಲದಿದ್ದರೆ ಮಕ್ಕಳು ಉಳಿಯುತ್ತಿರಲಿಲ್ಲ. ಯುಸ್ಟಿನಾಳ ಸರದಿ ಬಂದಾಗ ಅವಳು ಸುಮ್ಮನೆ ಜೇಬು ತಿರುವಿ ಒಂದು ಹಿಡಿ ಬಾರ್ಲಿಯನ್ನು ಅವನ ಮೇಜಿನ ಮೇಲೆ ಸುರಿದಳು. ಅಧಿಕಾರಿ ಬೆಪ್ಪಾಗಿ ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಮೂಹಿಕ ಬೇಸಾಯದ ಅಧ್ಯಕ್ಷ ಸೈತ್ಕಲಿ ನಡುವೆ ಬಾಯಿ ಹಾಕಿ, ಈ ಮುದುಕಿ ಹಾಗೆಯೇ, ಸುಳ್ಳು ಹೇಳಲು ಬರುವುದಿಲ್ಲ, ಬಿಟ್ಟುಬಿಡಿ ಎಂದು ಹೇಳಿ ಅವಳನ್ನು ಜೈಲಿನಿಂದ ಉಳಿಸಿದ. ಉಳಿಸಿದ್ದೇನೋ ನಿಜ. ಆದರೆ ಅಧಿಕಾರಿಯ ತಲೆಯಲ್ಲಿ ಆ ಮಾತು ಕೂತುಬಿಟ್ಟಿತು.

ಚಳಿ ಬಿಗಿಯುವ ಮುಂಚೆ ಅದೇ ಅಧಿಕಾರಿ ಮತ್ತೆ ಬಂದ. ನಮ್ಮ ಗಂಡಸರನ್ನು ಆಗಲೇ ದುಡಿಮೆಯ ಪಡೆಗೆಂದು ಗಣಿಗಳಿಗೆ ಕೊಂಡೊಯ್ದಾಗಿತ್ತು. ಈಗ ಹೆಂಗಸರ ಸರದಿ. ಉರಲ್ ಕಾಡಿನಲ್ಲಿ ಮರ ಕಡಿಯಲು ಜನ ಬೇಕಾಗಿತ್ತು. ಬಸುರಿಯರನ್ನೂ, ಮೂರು ವರ್ಷ ತುಂಬದ ಮಗು ಇರುವವರನ್ನೂ ಬಿಡಬೇಕೆಂದು ಆಜ್ಞೆ. ಮಗುವಿಗೆ ಮೂರು ತುಂಬಿದ್ದರೆ ತಾಯಿ ಹೊರಡಬೇಕು, ಮಗುವನ್ನು ಯಾರಿಗಾದರೂ ಬಿಟ್ಟು ಹೋಗಬೇಕು. ಇಂಥ ಆಜ್ಞೆ ಬರೆದ ಕೈ ಯಾವುದೋ, ಅದಕ್ಕೂ ಒಬ್ಬ ತಾಯಿ ಇದ್ದಿರಬೇಕು.

ನೇಟಾ ಲೋವೆನ್ ಅವತ್ತು ಬೇಸಾಯದ ಕಚೇರಿಯಲ್ಲಿ ಮಗಳನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. ಗಂಡ ಗಣಿಗೆ ಹೋದವನು ಬದುಕಿದ್ದಾನೋ ಇಲ್ಲವೋ ತಿಳಿಯದು. ಮಗಳು ಸೂಸ ಒಣಗಿ ಕಡ್ಡಿಯಾಗಿದ್ದಳು, ನೋಡಿದವರು ಎರಡು ವರ್ಷವೆಂದರೂ ನಂಬಬೇಕು. ಕಾಗದ ಪತ್ರಗಳ ಗಂಟು ರೈಲು ಹತ್ತುವ ಗಲಾಟೆಯಲ್ಲೇ ಹೋಗಿತ್ತು. ನಮ್ಮಲ್ಲಿ ಎಳೆಗೂಸಿಗೆ ದೀಕ್ಷಾಸ್ನಾನ ಕೊಡುವ ಪದ್ಧತಿಯೂ ಇಲ್ಲ, ಹಾಗಾಗಿ ಯಾವ ಚರ್ಚಿನ ದಫ್ತರದಲ್ಲೂ ಹುಟ್ಟಿದ ದಿನ ಸಿಗುವುದಿಲ್ಲ. ನೇಟಾ ಎರಡು ವರ್ಷ ಎಂದಳು. ಅಧಿಕಾರಿ ತಲೆಯೆತ್ತಲೂ ಇಲ್ಲ. ಬೆಳಿಗ್ಗೆಯಿಂದ ಎಲ್ಲರ ಮಕ್ಕಳಿಗೂ ಎರಡೇ ವರ್ಷ, ಈ ಹಳ್ಳಿಯಲ್ಲಿ ಮಕ್ಕಳು ಬೆಳೆಯುವುದೇ ಇಲ್ಲವೋ ಎಂದು ಗೊಣಗಿದ. ಆಮೇಲೆ ಏನೋ ಹೊಳೆದವನಂತೆ, ಆ ಬಾರ್ಲಿ ಮುದುಕಿಯನ್ನು ಕರೆಸಿ ಎಂದ.

ಯುಸ್ಟಿನಾ ಬಂದಳು. ಬೋಗುಣಿ ತೊಳೆಯುತ್ತಿದ್ದ ಕೈ ಇನ್ನೂ ಒದ್ದೆಯಾಗಿಯೇ ಇತ್ತು. ಈ ಮಗುವಿನ ಹೆರಿಗೆ ಮಾಡಿಸಿದ್ದು ನೀನೇ ತಾನೇ ಎಂದು ಅಧಿಕಾರಿ ಕೇಳಿದ. ಹೌದೆಂದಳು. ಹಾಗಾದರೆ ಇದಕ್ಕೆ ಮೂರು ತುಂಬಿದೆಯೋ ಇಲ್ಲವೋ ಹೇಳು ಎಂದ.

ಅವಳಿಗೆ ಎಲ್ಲ ನೆನಪಿತ್ತು. ಸೂರ್ಯಕಾಂತಿ ಕೊಯ್ಲಿನ ಕೊನೆ, ನೇಟಾಳ ಅಡುಗೆಮನೆ, ಹೊರಗೆ ಗಂಡಸರು ಬೀಜ ಬಡಿಯುವ ಸದ್ದು. ಮಗುವಿಗೆ ಮೂರು ತುಂಬಿ ಎರಡು ತಿಂಗಳಾಗುತ್ತ ಬಂದಿತ್ತು. ನೇಟಾ ಅವಳ ಮುಖವನ್ನೇ ನೋಡುತ್ತಿದ್ದಳು, ಕೇಳಿಕೊಳ್ಳುವ ನೋಟವೂ ಅಲ್ಲ ಅದು, ಸುಮ್ಮನೆ ನೋಡುತ್ತಿದ್ದಳು.

"ಅದನ್ನ ನನ್ನ ಕೇಳಬೇಡಿ ಸಾಹೇಬ್ರೆ," ಎಂದಳು ಯುಸ್ಟಿನಾ.

"ಕೇಳ್ತೀನಿ. ನೀನು ಎರಡು ಅಂದ್ರೆ ಎರಡು ಅಂತಾನೇ ಬರ್ಕೋತೀನಿ, ನಿನ್ನ ಮಾತು ನಂಗೆ ಸಾಕು. ಬಾಯಿ ಬಿಡದೆ ನಿಂತ್ರೆ ಮೂರು ಅಂತ ಬರ್ಕೋತೀನಿ."

ಅಷ್ಟು ಸುಲಭ. ಎರಡು ಎನ್ನುವ ಒಂದು ಮಾತು. ಯಾವ ತಾಯಿಯಾದರೂ, ಯಾವ ಪಾಪಿಯಾದರೂ ಅಂದುಬಿಡುತ್ತಿದ್ದಳು. ಯುಸ್ಟಿನಾಳ ಗಂಟಲಿನವರೆಗೆ ಅದು ಬಂದಿತ್ತು ಎಂದೇ ನಾನು ನಂಬಿದ್ದೇನೆ. ಆದರೆ ಅವಳ ಲೆಕ್ಕವೇ ಬೇರೆ ಇತ್ತು. ಮನೆ ಹೋಯಿತು, ಹಟ್ಟಿ ಹೋಯಿತು, ಗಂಡನ ಗೋರಿ ಹೋಯಿತು, ಊರಿನ ಪ್ರಾರ್ಥನಾಮಂದಿರ ಕುದುರೆ ಲಾಯವಾಯಿತು. ಯಾರೂ ಕಿತ್ತುಕೊಳ್ಳಲಾಗದೆ ಉಳಿದದ್ದು ಬಾಯಲ್ಲಿರುವ ಹೌದು ಇಲ್ಲ ಎರಡೇ. ಅದನ್ನೂ ಈ ಮೇಜಿನ ಮೇಲೆ ಸುರಿದುಬಿಟ್ಟರೆ ದೇವರ ಮುಂದೆ ಬರಿಗೈಯಲ್ಲಿ ನಿಂತಂತೆ ಎಂದು ಅವಳಿಗೆ ಅನ್ನಿಸಿತು. ದೇವರು ಹೇಳಿದಂತೆ ಕೇಳಿದರೆ ಮುಂದಿನದನ್ನು ಅವನೇ ನೋಡಿಕೊಳ್ಳುತ್ತಾನೆ ಎಂದೂ ಅನ್ನಿಸಿತು. ಐವತ್ತೆಂಟು ವರ್ಷ ಹಾಗೆಯೇ ನಂಬಿ ಬದುಕಿದವಳು.

"ಮೂರು ತುಂಬಿದೆ," ಎಂದಳು.

ಅಧಿಕಾರಿ ಬರೆದುಕೊಂಡ. ಅವನಿಗೂ ಸ್ವಲ್ಪ ಬೇಸರವಾದಂತಿತ್ತು.

ಹೊತ್ತು ಇಳಿಯುವ ಮುಂಚೆ ಹೆಂಗಸರನ್ನು ಗಾಡಿ ಹತ್ತಿಸಿದರು. ಅಳುವವರು ಅತ್ತರು, ನೆಲಕ್ಕೆ ಬಿದ್ದು ಹೊರಳುವವರು ಹೊರಳಿದರು. ನೇಟಾ ಎರಡನ್ನೂ ಮಾಡಲಿಲ್ಲ. ತಲೆಯ ಮೇಲಿದ್ದ ಉಣ್ಣೆ ಶಾಲನ್ನು ಬಿಚ್ಚಿ ಸೂಸಳಿಗೆ ಸುತ್ತಿ, ಮಗುವನ್ನು ನೇರವಾಗಿ ಯುಸ್ಟಿನಾಳ ಕೈಗೆ ಕೊಟ್ಟಳು. ಬೇರೆ ಯಾರಿಗೂ ಕೊಡಲಿಲ್ಲ ನೋಡಿ, ಅವಳಿಗೇ ಕೊಟ್ಟಳು.

"ನಿಮ್ಮ ಬಾಯಿ ಶುದ್ಧವಾಗೇ ಇರ್ಲಿ ದೊಡ್ಡಮ್ಮ. ಇವಳ ಹೊಟ್ಟೆ ನೋಡ್ಕೊಳ್ಳಿ," ಎಂದಳು.

ಉಳಿದಿದ್ದ ನಮ್ಮ ಮುದುಕಿಯರು ಕೆಲವು ದಿನ ಯುಸ್ಟಿನಾಳ ಜೊತೆ ಮಾತು ಬಿಟ್ಟರು. ಆದರೆ ಸಭೆಯ ಹಿರಿಯ ಅಬ್ರಾಮ್ ಹಾರ್ಡರ್, ಕಾಲು ಕುಂಟೆಂದು ನಮ್ಮವರಲ್ಲಿ ಉಳಿದ ಏಕೈಕ ಗಂಡಸು, ಭಾನುವಾರ ತನ್ನ ಗುಂಡಿಮನೆಯಲ್ಲಿ ಕದ್ದು ನಡೆಸುತ್ತಿದ್ದ ಪ್ರಾರ್ಥನೆಯಲ್ಲಿ ಅವಳನ್ನು ಎಲ್ಲರೆದುರು ಹೊಗಳಿದ. ಪ್ರಾಣಕ್ಕೆ ಬಂದಾಗಲೂ ದೇವರ ಮಾತು ಮೀರಲಿಲ್ಲ ಎಂದ. ಯುಸ್ಟಿನಾ ತಲೆ ತಗ್ಗಿಸಿ ಕೂತಿದ್ದಳು. ಪ್ರಾಣಕ್ಕೆ ಬಂದದ್ದು ತನಗಲ್ಲ ಎನ್ನುವುದು ಅವಳಿಗೆ ಆಗಲೇ ಚುಚ್ಚಲು ಶುರುವಾಗಿತ್ತು.

ಕುಲ್ಯಾಶ್ ಅಂತೂ ಬಾಗಿಲಲ್ಲೇ ನಿಂತು ಬೈದಳು.

"ನನ್ನ ಕೇಳಿದ್ರೆ ಮಗು ನಿನ್ನೆ ಹುಟ್ತು, ಹುಟ್ತಾನೇ ಹಲ್ಲಿತ್ತು ಅಂತಿದ್ದೆ. ನಿಮ್ಮ ದೇವ್ರೇನು ಪೊಲೀಸ್ನೋನಾ ಅಕ್ಕ, ಮಾತು ಮಾತಿಗೂ ಹೇಳಿಕೆ ಬರ್ಕೊಳ್ಳೋಕೆ?"

ಬೈದು, ತಲೆವಸ್ತ್ರದ ಅಂಚಿನಲ್ಲಿ ಮುಚ್ಚಿಕೊಂಡು ತಂದಿದ್ದ ಒಣಗಿಸಿದ ಮೊಸರುಂಡೆಗಳನ್ನು ಸೂಸಳ ಮಡಿಲಿಗೆ ಹಾಕಿ ಹೋದಳು.

ಆ ಚಳಿಗಾಲವನ್ನು ಹೇಗೆ ಕಳೆದರೆಂದು ಹೇಳಲು ಹೊರಟರೆ ಮುಗಿಯುವುದಿಲ್ಲ. ಯುಸ್ಟಿನಾ ತನ್ನ ಪಾಲಿನ ಬ್ರೆಡ್ಡನ್ನು ಬಿಸಿನೀರಿನಲ್ಲಿ ನೆನೆಸಿ ಮಗುವಿಗೆ ತಿನ್ನಿಸುವಳು, ಪಾತ್ರೆ ತೊಳೆದ ನೀರನ್ನು ತಾನು ಕುಡಿಯುವಳು. ಹಿಮದಡಿ ಕೈಹಾಕಿ ಕೊಳೆತ ತೆನೆ ಹುಡುಕುವಳು. ಬಾಣಂತನಕ್ಕೆ ಹೋದ ಮನೆಯಲ್ಲಿ ಒಂದು ಬಟ್ಟಲು ಹಾಲಿನ ಚಹಾ ಕೊಟ್ಟರೆ ಬಾಯಿಗಿಡದೆ ಕೋಟಿನೊಳಗೆ ಮುಚ್ಚಿಕೊಂಡು ಓಡಿ ಬರುವಳು. ಅವಳ ಕಾಲುಗಳು ಊದಿಕೊಂಡವು, ಒಸಡಿನಲ್ಲಿ ರಕ್ತ ಬಂತು. ಸೂಸ ಬದುಕಿದಳು. ಆ ಸಾಲಿನ ಗುಂಡಿಮನೆಗಳಲ್ಲಿ ಎಳೆಯ ಮಕ್ಕಳಲ್ಲಿ ಬದುಕಿದ್ದು ಬಹಳ ಕಡಿಮೆ.

ಮಗು ದಿನವೂ ಅಮ್ಮ ಯಾವಾಗ ಬರುತ್ತಾಳೆ ಎಂದು ಕೇಳುತ್ತಿತ್ತು. ನಾಳೆ, ನಾಡಿದ್ದು, ಹಿಮ ಕರಗಿದ ಮೇಲೆ, ಹೀಗೆ ಏನಾದರೊಂದು ಹೇಳಬಹುದಿತ್ತಲ್ಲ. ಯುಸ್ಟಿನಾ ಗೊತ್ತಿಲ್ಲ ಕಂದ ಎನ್ನುವಳು. ಕೇಳಿ ಕೇಳಿ ಮಗು ಕೇಳುವುದನ್ನೇ ಬಿಟ್ಟಿತು.

ಮರುವರ್ಷ ಕೊಯ್ಲು ಮುಗಿದ ಮೇಲೆ ಲೀಸ ಎಪ್ ಎನ್ನುವವಳು ಹಿಂದಿರುಗಿದಳು. ಮರ ಉರುಳಿ ಪಾದ ಜಜ್ಜಿ ಹೋಗಿತ್ತು, ಇನ್ನು ಕೆಲಸಕ್ಕೆ ಬಾರದವಳೆಂದು ಬಿಟ್ಟಿದ್ದರು. ನೇಟಾಳ ಪಕ್ಕದ ಹಲಗೆಯ ಮೇಲೆ ಮಲಗುತ್ತಿದ್ದವಳು ಅವಳೇ. ನೇಟಾ ವಸಂತದಲ್ಲೇ ಸತ್ತಳು ಎಂದು ಹೇಳಿದಳು. ಕಾಯಿಲೆ ಏನೂ ಇರಲಿಲ್ಲ, ಹೊಟ್ಟೆಗಿಲ್ಲದೆ ಸತ್ತಳು, ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ ಎಂದಳು. ಯುಸ್ಟಿನಾ, ನನ್ನ ವಿಷಯ ಏನಾದರೂ ಅಂದಳಾ ಎಂದು ಕೇಳಿದಳು. ಕೇಳಬಾರದಿತ್ತು.

"ನಿಮಗೆ ಶಾಪ ಗೀಪ ಏನೂ ಹಾಕ್ಲಿಲ್ಲ ದೊಡ್ಡಮ್ಮ," ಎಂದಳು ಲೀಸ. "ಸೂಸ ಎರಡು ತಿಂಗಳು ತಡವಾಗಿ ಹುಟ್ಟಬೇಕಿತ್ತು ಅಂತಿದ್ಲು. ಅದೊಂದೇ ಮಾತು, ಯಾವಾಗ್ಲೂ."

ಯುಸ್ಟಿನಾ ಎದ್ದು ಹೊರಗೆ ಹೋಗಿ ಬೆರಣಿ ರಾಶಿಯ ಹಿಂದೆ ಕೂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ. ಮಗು ಹುಟ್ಟಿದ ಗಳಿಗೆಯನ್ನೇ ತಾಯಿ ಬೇಡವೆನ್ನುವಂತೆ ಮಾಡಿದ್ದು ತನ್ನ ಬಾಯಿ ಎಂದು ತಿಳಿದಾಗ ಅವಳಿಗೆ ಪ್ರಾರ್ಥನೆ ಮಾಡಲೂ ಆಗಲಿಲ್ಲ. ದೇವರು ನೋಡಿಕೊಳ್ಳುತ್ತಾನೆ ಎಂದುಕೊಂಡಿದ್ದಳಲ್ಲ, ನೋಡಿಕೊಂಡದ್ದು ಹೀಗೆ. ಕುಲ್ಯಾಶ್ ಬಂದು ಪಕ್ಕದಲ್ಲಿ ಕೂತಳು. ಅವತ್ತು ಅವಳೂ ಬೈಯಲಿಲ್ಲ.

ಆಮೇಲೆ ಇನ್ನೊಂದು ಆಜ್ಞೆ ಬಂತು. ದುಡಿಮೆಯ ಪಡೆಗೆ ಹೋದವರ ಮಕ್ಕಳು ರಕ್ತಸಂಬಂಧಿಗಳ ಬಳಿ ಇದ್ದರೆ ಸರಿ, ಇಲ್ಲದಿದ್ದರೆ ಪಟ್ಟಣದ ಅನಾಥಾಲಯಕ್ಕೆ ಸಾಗಿಸಬೇಕು. ಪಕ್ಕದ ಹಳ್ಳಿಯಿಂದ ಒಬ್ಬ ಅಕ್ಕನನ್ನೂ ತಂಗಿಯನ್ನೂ ಹಾಗೆಯೇ ಒಯ್ದಿದ್ದರು. ತಂಗಿ ಒಂದು ಚಳಿಗಾಲವೂ ಬಾಳಲಿಲ್ಲ. ಅಕ್ಕನಿಗೆ ಬೇರೆ ಹೆಸರಿಟ್ಟಿದ್ದಾರೆ, ಅಮ್ಮನ ಹೆಸರು ಕೇಳಿದರೆ ಕಣ್ಣು ಕಣ್ಣು ಬಿಡುತ್ತಾಳೆ ಎಂದು ಗಾಡಿ ಹೊಡೆಯುವವನೇ ಹೇಳಿದ್ದ.

ಮುಂದಿನ ಚಳಿಗಾಲ, ಮಕ್ಕಳನ್ನು ಒಯ್ಯುವ ಜಾರುಗಾಡಿ ಹಿಮದ ಮೇಲೆ ನಮ್ಮ ಹಳ್ಳಿಗೂ ಬಂತು. ಅದೇ ಕಚೇರಿ, ಅದೇ ಅಧಿಕಾರಿ. ಎರಡು ವರ್ಷದಲ್ಲಿ ಅವನ ಕೂದಲು ಬೆಳ್ಳಗಾಗಿತ್ತು, ಒಬ್ಬ ಮಗ ಯುದ್ಧದಲ್ಲಿ ಹೋದನೆಂದು ಜನ ಮಾತಾಡಿಕೊಳ್ಳುತ್ತಿದ್ದರು. ಮಕ್ಕಳಿದ್ದವರೆಲ್ಲ ಬಂದು ನಿಲ್ಲಬೇಕೆಂದು ಹೇಳಿದ್ದರಿಂದ ನಮ್ಮವರೆಲ್ಲ ಅಲ್ಲಿದ್ದರು. ಹಾರ್ಡರ್ ಕೋಲೂರಿಕೊಂಡು ಗೋಡೆಗೆ ಒರಗಿದ್ದ. ಯುಸ್ಟಿನಾ ಸೂಸಳ ಕೈ ಹಿಡಿದು ಮುಂದೆ ಬಂದಾಗ ಅಧಿಕಾರಿ ಅವಳನ್ನು ಗುರುತು ಹಿಡಿದ. ಕೂತುಕೋ ಎಂದ. ಅವಳು ಕೂರಲಿಲ್ಲ.

"ಈ ಮಗು ನಿನಗೇನಾಗಬೇಕು?" ಎಂದು ಕೇಳಿದ.

"ಮೊಮ್ಮಗಳು. ನನ್ನ ಮಗಳ ಮಗಳು."

ಅವಳಿಗೆ ಮಕ್ಕಳೇ ಇಲ್ಲವೆಂಬುದು ಅಧಿಕಾರಿಯೊಬ್ಬನನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷ ಸೈತ್ಕಲಿ ತಲೆಯೆತ್ತಿ ಸೂರಿನ ತೊಲೆಗಳನ್ನು ನೋಡತೊಡಗಿದ. ಅಧಿಕಾರಿ ಲೇಖನಿಯನ್ನು ಕೆಳಗಿಟ್ಟ.

"ಆ ನೇಟಾ ಲೋವೆನ್ ನಿನ್ನ ಮಗಳಾ?"

"ಹೌದು."

"ಅವತ್ತು ಇಲ್ಲೇ ನಿಂತ್ಕೊಂಡು, ನಿನ್ನ ಹೊಟ್ಟೇಲಿ ಹುಟ್ಟಿದವಳನ್ನ ನಿನ್ನ ಬಾಯಿಂದಾನೇ ಕಳಿಸಿದೆಯಾ?"

"ಹೌದು," ಎಂದಳು ಯುಸ್ಟಿನಾ.

ಅವನು ಅವಳನ್ನು ನೋಡಿಯೇ ನೋಡಿದ. ಬೇರೆ ಯಾರೇ ಆಗಿದ್ದರೂ ಎರಡು ಸಾಕ್ಷಿ ತಾ, ಕಾಗದ ತಾ ಎನ್ನುತ್ತಿದ್ದ. ಈ ಮುದುಕಿಯ ಬಳಿ ಅದೆಲ್ಲ ಏನು ಕೇಳುವುದು? ಎಂಥ ಜನವಪ್ಪ ಇವರು ಎಂದು ಸೈತ್ಕಲಿಗೆ ಹೇಳಿ, ಅಜ್ಜಿಯ ಬಳಿ ಇದೆ ಎಂದು ಬರೆದುಕೊಂಡ. ಅವನ ದನಿಯಲ್ಲಿ ಅಸಹ್ಯವಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಅವತ್ತು ಜಾರುಗಾಡಿ ಬೇರೆ ಇಬ್ಬರು ಮಕ್ಕಳನ್ನು ತುಂಬಿಕೊಂಡು ಹೋಯಿತು. ಸೂಸ ಉಳಿದಳು.

ವಸಂತದಲ್ಲಿ, ಪ್ರಭುವಿನ ಮರಣದ ಶುಕ್ರವಾರ, ಹಾರ್ಡರನ ಗುಂಡಿಮನೆಯಲ್ಲಿ ಪ್ರಭುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ಮುರಿಯುವ ಪ್ರಾರ್ಥನೆ ನಡೆಯಿತು. ಬಾರ್ಲಿ ಹೊಟ್ಟಿನ ಒಂದು ರೊಟ್ಟಿ, ದ್ರಾಕ್ಷಾರಸದ ಬದಲು ತಗಡಿನ ಲೋಟದಲ್ಲಿ ಬೀಟ್‌ರೂಟ್ ರಸ. ನಮ್ಮಲ್ಲಿ ಒಂದು ಕಟ್ಟಳೆ ಇದೆ. ಎಲ್ಲರಿಗೂ ತಿಳಿದ ಪಾಪ ಮಾಡಿದವರು ರೊಟ್ಟಿ ಮುಟ್ಟುವ ಮುಂಚೆ ಎದ್ದು ನಿಂತು ಒಪ್ಪಿಕೊಳ್ಳಬೇಕು, ಪಶ್ಚಾತ್ತಾಪವಿದೆ ಎನ್ನಬೇಕು. ಅಷ್ಟು ಹೇಳಿದರೆ ಸಭೆ ಕ್ಷಮಿಸಿ ತಟ್ಟೆ ಮುಂದಿಡುತ್ತದೆ. ಯುಸ್ಟಿನಾ ಯಾರೂ ಕರೆಯದೆ ತಾನೇ ಎದ್ದಳು.

ನೇಟಾ ನನ್ನ ಮಗಳು ಎಂದದ್ದು ಸುಳ್ಳು, ಆದರೆ ನನ್ನ ಬಾಯಿಂದಲೇ ಅವಳನ್ನು ಕಳಿಸಿದೆ ಎನ್ನುವುದು ನಿಜ ಎಂದು ಅವಳು ಹೇಳಿದಳು. ಹೆಂಗಸರು ಕಣ್ಣೊರೆಸಿಕೊಂಡರು. ಹಾರ್ಡರ್ ಕಟುಕನೇನಲ್ಲ, ಈ ಕೆಲಸ ಬೇಗ ಮುಗಿದರೆ ಸಾಕು ಎನ್ನುವಂತೆ ತಟ್ಟೆಯನ್ನು ಆಗಲೇ ಕೈಗೆತ್ತಿಕೊಂಡಿದ್ದ.

"ಪಶ್ಚಾತ್ತಾಪ ಇದೆ ಅನ್ನು ತಂಗಿ, ಅಷ್ಟು ಸಾಕು."

"ಇಲ್ಲ ಹಾರ್ಡರಣ್ಣ. ಇದೆ ಅಂದ್ರೆ ಅದು ಇನ್ನೊಂದು ಸುಳ್ಳಾಗುತ್ತೆ."

ಇದು ಹಟ ಮಾಡುವ ಜಾಗವಲ್ಲ, ದೇವರ ಮುಂದೆ ನಿಂತಿದ್ದೀಯೆ ಎಂದು ಅವನು ಮೆತ್ತಗೆ ಹೇಳಿದ. ಪ್ರಾರ್ಥನೆ ಮಾಡು, ಪಶ್ಚಾತ್ತಾಪವನ್ನು ಅವನೇ ಕೊಡುತ್ತಾನೆ ಎಂದ.

"ದಿನಾ ಕೇಳ್ತಾ ಇದ್ದೀನಿ. ಸುಳ್ಳಿಗೆ ಕೊಟ್ಟಿಲ್ಲ. ನಿಜ ಹೇಳಿದ್ದಕ್ಕೆ ಕೊಟ್ಟಿದಾನೆ. ಅವತ್ತು ಮೂರು ತುಂಬಿದೆ ಅಂದ್ನಲ್ಲ, ಅದಕ್ಕೆ ನನ್ನ ಕರುಳು ದಿನಾ ಸುಡ್ತಾ ಇದೆ." ಅವಳ ದನಿ ಏರಲಿಲ್ಲ. "ಈಗ ಬಂದ ಸುಳ್ಳು ಅವತ್ತೇ ಬಂದಿದ್ರೆ ನೇಟಾ ಇಲ್ಲಿ ಕೂತಿರ್ತಿದ್ಲು. ಆ ನಿಜಕ್ಕೆ ಕ್ಷಮೆ ಬೇಕು ನಂಗೆ. ಅದಕ್ಕೆ ರೊಟ್ಟಿ ಕೊಡ್ತೀಯಾ?"

ನಿಜಕ್ಕೆ ಕ್ಷಮೆ ಕೊಡುವ ಅಧಿಕಾರವನ್ನು ಹಾರ್ಡರನಿಗೆ ಯಾರೂ ಕೊಟ್ಟಿರಲಿಲ್ಲ. ಆ ನಿಜವನ್ನು ಎಲ್ಲರೆದುರು ಹೊಗಳಿದ್ದವನೂ ಅವನೇ. ಕೊನೆಗೆ ಕಣ್ಣು ತಪ್ಪಿಸಿ, ಕುಂಟು ಕಾಲನ್ನು ಎಳೆದುಕೊಂಡು ಮುಂದಿನವಳ ಬಳಿ ಹೋದ. ಯುಸ್ಟಿನಾ ಬಾಗಿಲ ಬಳಿ ಹೋಗಿ ಸೂಸಳನ್ನು ಮಡಿಲಿಗೆ ಎಳೆದುಕೊಂಡು ಕೂತಳು.

ಆಮೇಲೆ ಅವಳು ಹನ್ನೊಂದು ವರ್ಷ ಬದುಕಿದಳು. ಯಾರ ಮನೆಯಲ್ಲಿ ಹೆರಿಗೆಯಾದರೂ ಹೋದಳು, ಯಾರ ಮನೆಯಲ್ಲಿ ಸಾವಾದರೂ ಹೋದಳು, ಭಾನುವಾರದ ಪ್ರಾರ್ಥನೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ವರ್ಷಕ್ಕೊಮ್ಮೆ ಆ ಶುಕ್ರವಾರ ಬಂದಾಗ ಹಾರ್ಡರ್ ತಟ್ಟೆ ಹಿಡಿದು ಅವಳ ಮುಂದೆ ನಿಂತು, ಆ ಸುಳ್ಳಿಗೆ ಪಶ್ಚಾತ್ತಾಪ ಬಂತೇ ಎಂದು ಕೇಳುವನು. ಅವಳು ಕಣ್ಣು ಮುಚ್ಚಿ, ತನ್ನೊಳಗೆ ಮೂಲೆ ಮೂಲೆಯನ್ನೂ ತಡಕಿ ನೋಡಿ, ಇನ್ನೂ ಇಲ್ಲ ಅಣ್ಣ ಎನ್ನುವಳು.